ಹಿತ್ತಾಳೆಯ ತೇಪೆ

ನನ್ನ ಜೇಬಿನಲ್ಲಿ ಸದಾ ಒಂದು ಮ್ಯಾಗ್ನೆಟ್ ಇರುತ್ತಿತ್ತು. ಹಳೆಯ ಸ್ಪೀಕರಿನಿಂದ ಕಿತ್ತದ್ದು, ಬೈಕಿನ ಬಣ್ಣಕ್ಕೆ ಗೀರು ಬೀಳದಿರಲಿ ಎಂದು ಬಟ್ಟೆ ಸುತ್ತಿದ್ದು. ಕಬ್ಬಿಣದ ತಗಡಾದರೆ ಅಂಟುತ್ತದೆ, ಪುಟ್ಟಿ ಮೆತ್ತಿದ್ದರೆ ಜಾರುತ್ತದೆ. ಮೂಡಲಗಿಯಲ್ಲಿ ನನ್ನದು ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ. ಆದರೆ ನಾನು ಹೆಸರು ಮಾಡಿದ್ದು ಮೋಟಾರಿನಿಂದಲ್ಲ, ಈ ಮ್ಯಾಗ್ನೆಟ್ಟಿನಿಂದ. ಗೋಕಾಕದ ಹಳೇ ಬೈಕಿನ ಬಳಗದವರು ನನ್ನನ್ನು ಒರಿಜಿನಲ್ ಬಾಳೇಶ ಅನ್ನುತ್ತಿದ್ದರು. ಅದರ ಜಂಬ ನನಗಿತ್ತು, ಸುಳ್ಳೇಕೆ ಹೇಳಲಿ.

ಪ್ರತಿ ತಿಂಗಳ ಮೊದಲ ರವಿವಾರ ಗೋಕಾಕದ ಒಂದು ಚಹಾದಂಗಡಿಯ ಅಂಗಳದಲ್ಲಿ ಬಳಗ ಸೇರುತ್ತದೆ. ಶ್ರಾವಣದ ರವಿವಾರ ಒಬ್ಬಾಕೆ ಮೆರೂನ್ ಬಣ್ಣದ ಜಾವಾ ಬೈಕು ಓಡಿಸಿಕೊಂಡು ಒಬ್ಬಳೇ ಬಂದಳು. ಓಢಣಿಯನ್ನು ಸೊಂಟಕ್ಕೆ ಬಿಗಿದಿದ್ದಳು. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡು ಕೇಳಿದಳು.

"ಇಲ್ಲಿ ಒರಿಜಿನಲ್ ಬಾಳೇಶ ಅಂದ್ರ ಯಾರ್ರಿ?"

"ನಾನ ರಿ."

"ನಾ ಮಾಯಾ, ಹುಕ್ಕೇರಿಯಾಕಿ. ಈ ಗಾಡಿ ನಮ್ಮವರದು. ಎಲ್ಲಾ ಒರಿಜಿನಲ್ ಐತಿ ಅಂತಿದ್ರು. ನೋಡಿ ಹೇಳ್ರಿ."

"ಅವರ ಬರಲಿಲ್ಲೇನ್ರಿ?"

"ಅವರ ತೀರಿಕೊಂಡು ಆರ ವರ್ಷ ಆತ್ರಿ."

ಅಷ್ಟು ಕೇಳಿದ ಮೇಲಾದರೂ ನಾನು ಬಾಯಿ ಬಿಗಿ ಹಿಡಿಯಬೇಕಿತ್ತು. ಇಂಜಿನ್ ನಂಬರು ನೋಡಿದೆ, ಚಾಸಿ ನಂಬರು ನೋಡಿದೆ, ಎರಡೂ ಸರಿಯಿದ್ದವು. ಪೆಟ್ರೋಲ್ ಟ್ಯಾಂಕಿನ ಎಡಬದಿಯಲ್ಲಿ ಅಂಗೈಯಗಲ ಜಾಗದಲ್ಲಿ ಮಾತ್ರ ಮ್ಯಾಗ್ನೆಟ್ ಜಾರಿತು. ಮತ್ತೆ ಇಟ್ಟೆ, ಮತ್ತೆ ಜಾರಿತು.

"ಟ್ಯಾಂಕ್ ಡೂಪ್ಲಿಕೇಟ್ ಐತ್ರಿ. ತಗಡ ಸರಿಯಾಗಿ ಕೂಡದ ಕಡೆ ಪುಟ್ಟಿ ಮೆತ್ತ್ಯಾರ."

ಇಪ್ಪತ್ತು ಮಂದಿ ಸುತ್ತ ನಿಂತಿದ್ದರು. ಯಾರೋ ಕಿಸಕ್ಕನೆ ನಕ್ಕರು. ಅವಳು ಮಾತ್ರ ನನ್ನನ್ನೇ ನೋಡಿದಳು. ದೊಡ್ಡ ಕಣ್ಣು, ಅದರಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

"ನಮ್ಮವರು ಸುಳ್ಳ ಹೇಳ್ತಿರಲಿಲ್ಲ."

"ಮನಷ್ಯಾರ ಹೇಳ್ತಾರ್ರಿ. ಮ್ಯಾಗ್ನೆಟ್ ಹೇಳೂದಿಲ್ಲ."

ಎಲ್ಲರೂ ತಲೆದೂಗಿದರು. ಅವಳು ಗಾಡಿಯ ಹತ್ತಿರ ಹೋಗಿ, ಏನೋ ನೆನಪಾದವಳಂತೆ ತಿರುಗಿ ಬಂದಳು.

"ಹಂಗಾದ್ರ ಒರಿಜಿನಲ್ ಟ್ಯಾಂಕ್ ಒಂದ ಹುಡುಕಿ ಕೊಡ್ರಿ. ಅವರ ಮಾತು ಖರೆ ಆಗಲಿ."

ಬಳಗದಲ್ಲಿ ಎಂತೆಂಥ ಹಟದವರನ್ನೋ ಕಂಡಿದ್ದೇನೆ. ಸತ್ತ ಗಂಡನ ಮಾತು ಖರೆ ಮಾಡಲು ಟ್ಯಾಂಕ್ ಹುಡುಕುವವಳನ್ನು ಕಂಡಿರಲಿಲ್ಲ. ಒಪ್ಪಿಕೊಂಡೆ.

ಮುಂದಿನ ರವಿವಾರ ಟ್ಯಾಂಕಿನ ಅಳತೆ ತೆಗೆಯಲು ಹುಕ್ಕೇರಿಗೆ ಹೋದೆ. ಮನೆಯಲ್ಲಿ ಅವಳು ಮತ್ತು ಅತ್ತೆ ಅಲ್ಲವ್ವ, ಇಬ್ಬರೇ. ನಿಡಸೋಸಿಯ ಕಾಲೇಜಿನ ಲೈಬ್ರರಿಯಲ್ಲಿ ಮಾಯಾಗೆ ಕೆಲಸ. ನಾನು ಬಂದಾಗ ಹಾಲು ತರಲು ಹೊರಗೆ ಹೋಗಿದ್ದಳು.

ಟ್ಯಾಂಕ್ ಬಿಚ್ಚಿ ಬೋರಲು ಹಾಕಿದೆ. ತಳದ ಬೆಸುಗೆ ನೋಡಿದೊಡನೆ ನನ್ನ ಕೈ ನಿಂತಿತು. ಅದು ಕಂಪನಿಯ ಬೆಸುಗೆ, ಡೂಪ್ಲಿಕೇಟಿನಲ್ಲಿ ಅಂಥದ್ದು ಬರುವುದಿಲ್ಲ. ಎಡಬದಿಯ ಬಣ್ಣವನ್ನು ಉಗುರಿನಷ್ಟು ಕೆರೆದೆ. ಪುಟ್ಟಿ ಬರಲಿಲ್ಲ, ಹಳದಿ ಹೊಳಪು ಬಂತು. ಹಿತ್ತಾಳೆ. ಹಿತ್ತಾಳೆಗೆ ಮ್ಯಾಗ್ನೆಟ್ ಅಂಟುವುದಿಲ್ಲವೆಂದು ಶಾಲೆಯ ಹುಡುಗರಿಗೂ ಗೊತ್ತು.

"ಅದಾ?" ಅಲ್ಲವ್ವ ಚಹಾ ಇಟ್ಟು ಹೇಳಿದಳು. "ಕಬ್ಬಿನ ಟ್ರ್ಯಾಲಿ ಕೊಂಡಿ ಬಡದು ತೂತ ಬಿದ್ದಿತ್ತು. ನನ್ನ ಹಿತ್ತಾಳಿ ತಂಬಿಗಿ ಕತ್ತರಿಸಿ, ಕಲಾಯಿಯಾಂವನ ಕಡೆ ತ್ಯಾಪಿ ಹಚ್ಚಿಸಿದ ನನ್ನ ಮಗ ವಿಶಾಲ. ತಂಬಿಗಿ ಹೊಟ್ಟಿನೂ ಟ್ಯಾಂಕಿನಂಗ ಡೊಂಕ ಇರತೈತಿ ನೋಡವ್ವಾ ಅಂದ. ಮದವಿಗಿಂತ ಮೊದಲಿನ ಮಾತು. ಮಾಯಾಗ ಗೊತ್ತಿಲ್ಲ."

ಅಷ್ಟರಲ್ಲಿ ಮಾಯಾ ಹಾಲಿನೊಂದಿಗೆ ಬಂದಳು. ಬಾಗಿಲಲ್ಲೇ ನಿಂತು, "ಎಲ್ಲಿಂದ ಹುಡುಕಾಕ ಸುರು ಮಾಡೂದ್ರಿ?" ಎಂದಳು. ಕಣ್ಣಲ್ಲಿ ಹೋದ ವಾರದ ಸಿಟ್ಟಿರಲಿಲ್ಲ, ಹೊರಟುನಿಂತವರ ಉತ್ಸಾಹವಿತ್ತು.

ಟ್ಯಾಂಕ್ ಒರಿಜಿನಲ್ ಅಂದರೆ ಹುಡುಕುವುದೇ ಇರಲಿಲ್ಲ. ನಾನು ಚಹಾ ಕುಡಿದು ಎದ್ದು ಬರಬೇಕಿತ್ತು.

"ಕುಲಗೋಡದಾಗ ಒಂದ ಐತಿ ಅಂತ ಕೇಳೇನ್ರಿ," ಅಂದೆ.

ಅಲ್ಲವ್ವ ನನ್ನ ಮುಖ ನೋಡಿದಳು, ತೇಪೆ ನೋಡಿದಳು, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಕೆರೆದ ಜಾಗಕ್ಕೆ ಬಣ್ಣ ಹಚ್ಚಿ ಟ್ಯಾಂಕ್ ಕೂರಿಸಿದೆ. ಆಮೇಲೆ ಎಂಟು ರವಿವಾರ ನಾವು ಇಲ್ಲದ ಟ್ಯಾಂಕನ್ನು ಹುಡುಕಿದೆವು. ಕುಲಗೋಡದ ದನದ ಕೊಟ್ಟಿಗೆ, ಮೂಡಲಗಿಯ ಗ್ಯಾರೇಜು, ಗೋಕಾಕದ ಗುಜರಿ ಅಂಗಡಿಗಳು. ನಡುವೆ ಬಂದ ಬಳಗದ ರವಿವಾರಗಳಿಗೂ ಚಕ್ಕರ್ ಹೊಡೆದೆ. ಅವಳ ಜಾವಾ ಮುಂದೆ, ನನ್ನದು ಹಿಂದೆ. ತಿರುವಿನಲ್ಲಿ ನಾನು ಬರುತ್ತಿದ್ದೇನೋ ಇಲ್ಲವೋ ಎಂದು ಕನ್ನಡಿಯಲ್ಲಿ ನೋಡುತ್ತಿದ್ದಳು. ಆ ಕನ್ನಡಿಯಲ್ಲಿ ಅವಳ ಅರ್ಧ ಮುಖ ಕಾಣಲೆಂದೇ ನಾನು ಹಿಂದೆ ಉಳಿಯುತ್ತಿದ್ದೆ.

ಒಮ್ಮೆ ಗುಜರಿ ಅಂಗಡಿಯಿಂದ ಹೊರಬಂದಾಗ ತನ್ನ ಕೆನ್ನೆ ಮುಟ್ಟಿ ತೋರಿಸಿದಳು. "ಗ್ರೀಸ್ ಹತ್ತೈತಿ." ಒರೆಸಿಕೊಂಡೆ. "ಅಲ್ಲಲ್ಲ, ಆ ಕಡೆ." ಆ ಕಡೆಯೂ ಒರೆಸಿದೆ. ಎರಡೂ ಕೆನ್ನೆ ಕರಿಯಾದ ಮೇಲೆ ಜೋರಾಗಿ ನಕ್ಕಳು. "ಈಗ ಸರಿ ಆತು ನೋಡ್ರಿ. ಎರಡೂ ಬಾಜೂ ಮ್ಯಾಚ್ ಅದಾವು." ಮದುವೆಯಾಗದೆ ಉಳಿದಿದ್ದ ನಾನು ನಲವತ್ತೊಂದನೆಯ ವಯಸ್ಸಿನಲ್ಲಿ ಪ್ರೀತಿಯಲ್ಲಿ ಬಿದ್ದಿದ್ದೆ. ಮುಖ ತೊಳೆದುಕೊಳ್ಳದೆ ಹಾಗೇ ಮನೆಗೆ ಹೋದೆ.

ಎಂಟನೆಯ ರವಿವಾರ ಅರಭಾವಿಯ ಬಸ್ ಸ್ಟ್ಯಾಂಡಿನ ಬಳಿ ಕಬ್ಬಿನ ಹಾಲು ಕುಡಿಯುತ್ತಿದ್ದೆವು. ಅವಳು ಗ್ಲಾಸು ತಿರುಗಿಸುತ್ತ ಹೇಳಿದಳು.

"ಖರೆ ಹೇಳ್ಲೇನ್ರಿ? ಇತ್ತಿತ್ಲಾಗ ನಮ್ಮವರ ಮ್ಯಾಲ ಸಿಟ್ಟ ಬರಾಕತ್ತೈತಿ. ಟ್ಯಾಂಕಿನ ಸುಳ್ಳ ಹೇಳಿದಾಂವ ಮತ್ತೇನೇನ ಹೇಳಿದ್ನೋ ಅನಸ್ತೈತಿ. ನನ್ನ ಮ್ಯಾಲ ಜೀವ ಅಂತಿದ್ನಲಾ, ಅದಾದ್ರೂ ಖರೇನೋ ಏನೋ."

ನಾನು ಮುಚ್ಚಿಟ್ಟದ್ದು ಟ್ಯಾಂಕಿನ ಗುಟ್ಟು ಮಾತ್ರ ಎಂದುಕೊಂಡಿದ್ದೆ. ಅವಳ ಸಂಸಾರಕ್ಕೇ ಕೈ ಹಾಕಿದ್ದೆ. ಇನ್ನೊಂದು ರವಿವಾರ ಸುಮ್ಮನಿದ್ದರೆ ನಾನು ಮನುಷ್ಯನೇ ಅಲ್ಲ ಅನ್ನಿಸಿತು.

"ಟ್ಯಾಂಕ್ ಒರಿಜಿನಲ್ ಐತ್ರಿ," ಅಂದೆ. ಹಿತ್ತಾಳೆ, ತಂಬಿಗೆ, ಎಲ್ಲ ಹೇಳಿದೆ.

"ಯಾವಾಗ ಗೊತ್ತಾತು ನಿಮಗ?"

"ಮೊದಲನೇ ಸಲ ನಿಮ್ಮನಿಗೆ ಬಂದಾಗ."

ಅವಳು ಗ್ಲಾಸನ್ನು ಸದ್ದಾಗದಂತೆ ಕೆಳಗಿಟ್ಟಳು. "ಎರಡ ತಿಂಗಳು ನಾನು ಸತ್ತಾಂವನ್ನ ಸುಳ್ಳಗಾರ ಅಂತ ತಿಳಕೊಂಡೆ. ನೀವು ಬಾಜೂಕ ಕುಂತು ನೋಡಿದ್ರಿ."

ಅವಳು ಎದ್ದು ಗಾಡಿ ಹತ್ತಿದಳು.

"ಇಪ್ಪತ್ತ ಮಂದಿ ಮುಂದ ಡೂಪ್ಲಿಕೇಟ್ ಅಂದ್ರಿ. ಅಷ್ಟ ಮಂದಿ ಮುಂದ ತಿರುಗಿ ಹೇಳ್ರಿ." ಕಿಕ್ ಹೊಡೆದು ಹೋದಳು. ಈ ಸಲ ಕನ್ನಡಿಯಲ್ಲಿ ನೋಡಲಿಲ್ಲ.

ಮುಂದಿನ ತಿಂಗಳ ಮೊದಲ ರವಿವಾರ ಗೋಕಾಕದ ಅಂಗಳಕ್ಕೆ ಅವಳು ಬಂದಳು, ಹಿಂದಿನ ಸೀಟಿನಲ್ಲಿ ಅಲ್ಲವ್ವನನ್ನು ಕೂರಿಸಿಕೊಂಡು. ನಾನು ಎದ್ದು ನಿಂತೆ. ಮಾತು ಬಿಟ್ಟುಬಿಟ್ಟು ಬಂತು.

"ಶ್ರಾವಣದಾಗ ಈ ಟ್ಯಾಂಕ್ ಡೂಪ್ಲಿಕೇಟ್ ಅಂದಿದ್ದೆ. ತಪ್ಪ ನಂದು. ಟ್ಯಾಂಕ್ ಒರಿಜಿನಲ್, ತ್ಯಾಪಿ ಹಿತ್ತಾಳಿದು. ವಿಶಾಲ ಅವರು ಹೇಳಿದ್ದು ಖರೆ."

"ಇವತ್ತಿಂದ ನೀ ಬರೇ ಬಾಳೇಶ," ಎಂದ ಗೆಳೆಯ ಲಖನ. ಅಂಗಳವೆಲ್ಲ ನಕ್ಕಿತು. ಮಾಯಾ ನಗಲಿಲ್ಲ.

"ಎರಡ ತಿಂಗಳ ಯಾಕ ಸುಮ್ಮಿದ್ರಿ, ಅದನ್ನೂ ಹೇಳ್ರಿ."

ಮಾನ ಹೇಗೂ ಹೋಗಿತ್ತು, ಉಳಿದದ್ದನ್ನೂ ಹೇಳಿದೆ. "ಹೇಳಿದ್ರ ರವಿವಾರ ನಿಮ್ಮನ್ನ ನೋಡಾಕ ನೆವ ಇರ್ತಿರಲಿಲ್ಲ. ನಿಮ್ಮ ಮ್ಯಾಲ ಜೀವ ಆಗಿತ್ರಿ ನಂದು. ಈಗೂ ಐತಿ."

ಅಲ್ಲವ್ವ ಸೊಸೆಯ ತೋಳು ಹಿಡಿದು ಮೆಲ್ಲಗೆ ಹೇಳಿದಳು, ನನಗೂ ಕೇಳಿಸುವಷ್ಟು.

"ಅಂವನ್ನ ಒಬ್ಬಾಂವನ್ನ ಬೈಬ್ಯಾಡ. ನಾನೂ ಸುಮ್ಮಿದ್ದೆ. ಆರ ವರ್ಷದಾಗ ನೀ ನಕ್ಕಿದ್ದು ಆ ರವಿವಾರದಾಗಷ್ಟ. ಉಡಿಕಿ ನಮ್ಮಾಗ ಹೊಸದೇನಲ್ಲ, ಮಗಳ."

ಉಡಿಕಿ ಅಂದರೆ ಗಂಡ ತೀರಿದವಳ ಮರುಮದುವೆ. ಅತ್ತೆಯೇ ಆ ಮಾತೆತ್ತಿದ್ದನ್ನು ನಾನು ಎಲ್ಲೂ ಕೇಳಿರಲಿಲ್ಲ. ಮಾಯಾ ಟ್ಯಾಂಕಿನ ತೇಪೆಯ ಮೇಲೆ ಕೈಯಾಡಿಸಿದಳು. ಆಮೇಲೆ ನನ್ನ ಮುಂದೆ ಅಂಗೈ ಚಾಚಿದಳು.

"ಮ್ಯಾಗ್ನೆಟ್ ಕೊಡ್ರಿ."

ಕೊಟ್ಟೆ. ತೇಪೆಯ ಮೇಲಿಟ್ಟಳು, ಜಾರಿತು. ನಾಲ್ಕು ಬೆರಳು ಆಚೆ ಇಟ್ಟಳು, ಟಕ್ಕನೆ ಅಂಟಿತು.

"ಈ ತ್ಯಾಪಿ ನಾ ಎಂದೂ ತಗಸೂದಿಲ್ಲ. ಅವರು ಗಾಡ್ಯಾಗ ಇರ್ತಾರ, ಮನ್ಯಾಗೂ ಇರ್ತಾರ. ನಿಮಗ ನಡೀತೈತೇನ್ರಿ?"

"ತ್ಯಾಪಿ ಇದ್ದದ್ದಕ್ಕ ಟ್ಯಾಂಕ್ ಉಳದೈತ್ರಿ."

ಅವಳು ಮುಖ ತಿರುಗಿಸಿ ಕಿಕ್ ಹೊಡೆದಳು. ಅಲ್ಲವ್ವ ಹಿಂದೆ ಕುಳಿತಳು.

"ರವಿವಾರ ಬರ್ರಿ."

"ಏನ ಹುಡುಕಾಕ್ರಿ?"

"ಏನೂ ಹುಡುಕೂದ ಬ್ಯಾಡ. ಚಹಾ ಕುಡಿಯಾಕ ಬರ್ರಿ."

ಗಾಡಿ ಅಂಗಳ ದಾಟಿ ಹುಕ್ಕೇರಿಯ ದಾರಿ ಹಿಡಿಯಿತು. ತಿರುವಿನಲ್ಲಿ ಕನ್ನಡಿಯಲ್ಲಿ ಅವಳ ಅರ್ಧ ಮುಖ ಕಂಡಿತು, ನನ್ನನ್ನೇ ನೋಡುತ್ತಿತ್ತು. ನನ್ನ ಮ್ಯಾಗ್ನೆಟ್ ಟ್ಯಾಂಕಿಗೆ ಅಂಟಿಕೊಂಡು ಅವಳ ಜೊತೆಗೇ ಹೋಯಿತು. ನಾನು ವಾಪಸ್ ಕೇಳಲಿಲ್ಲ.