ಮಗಳು ಬಂದಿದ್ದಾಳೆ

“ಇನ್ನೊಂದ್ಸಲ ಹಾಕು ಪುಟ್ಟಾ. ಮೊಬೈಲು ಅಲ್ಲಾಡಿಬಿಡ್ತು.”

ಬುಗುರಿ ಅಪ್ಪನ ಮುಖ ನೋಡಿದಳು, ತನ್ನ ಶೂ ನೋಡಿದಳು. ಹಲ್ಲು ಕಚ್ಚಿಕೊಂಡು ಈಗಷ್ಟೇ ಅದನ್ನು ಹಾಕಿಕೊಂಡಿದ್ದಳು. ಮೊದಲು ಕಾಲಿಗೆ ಆಸರೆ ಕೊಡುವ ಪ್ಲಾಸ್ಟಿಕ್ ಪಟ್ಟಿ, ಆಮೇಲೆ ಅದರ ಬೆಲ್ಟು, ಅದರ ಮೇಲೆ ಶೂ. ಯಾರೂ ಕೈ ಹಾಕಿರಲಿಲ್ಲ. ಈಗ ಎಲ್ಲಾ ಬಿಚ್ಚಿ ಮತ್ತೆ ಹಾಕಬೇಕಂತೆ.

“ಸ್ಕೂಲಿಗೆ ಲೇಟಾಗುತ್ತಪ್ಪ.”

“ಎರಡೇ ನಿಮಿಷ. ನನ್ನ ಬಂಗಾರ ಅಲ್ವಾ?”

ಅಮ್ಮ ಟಿಫಿನ್ ಬಾಕ್ಸಿನ ಮುಚ್ಚಳ ಒತ್ತುತ್ತಾ, “ರೀ, ಮಗು ಶೂ ಹಾಕ್ಕೊಂಡಿರೋದು ಸ್ಕೂಲಿಗೆ ಹೋಗೋಕೆ, ಸಿನಿಮಾದಲ್ಲಿ ಆ್ಯಕ್ಟ್ ಮಾಡೋಕಲ್ಲ” ಎಂದಳು.

ಬುಗುರಿ ಎಲ್ಲಾ ಬಿಚ್ಚಿದಳು, ಮತ್ತೆ ಹಾಕಿದಳು. ಬೆಲ್ಟು ಬಿಗಿಯಾಗುತ್ತಿದ್ದಂತೆ ಅಪ್ಪ ಮೊಬೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಟಪಟ ಚಪ್ಪಾಳೆ ತಟ್ಟಿದ. ಅಪ್ಪನ ವಿಡಿಯೋಗಳೆಲ್ಲಾ ಹೀಗೇ. ಕೊನೆಗೆ ಬರೀ ಕತ್ತಲು, ಆ ಕತ್ತಲಲ್ಲಿ ಜೋರು ಚಪ್ಪಾಳೆ.

ಬುಗುರಿ ಎನ್ನುವುದು ಅವಳ ಹೆಸರಲ್ಲ. ಚಿಕ್ಕವಳಿದ್ದಾಗ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಚಾಪೆಯ ಮೇಲೆ ಕೂತಲ್ಲೇ ಕೈಯೂರಿ ಗಿರ್ರನೆ ಸುತ್ತುತ್ತಿದ್ದಳು. ಅದನ್ನು ಕಂಡು ಅಜ್ಜಿ ಬುಗುರಿ ಎಂದು ಕರೆದಳು, ಸ್ಕೂಲಿನಲ್ಲೂ ಅದೇ ಉಳಿದುಕೊಂಡಿತು. ಈಗ ಐದನೇ ಕ್ಲಾಸು. ವಾಕರ್ ಹಿಡಿದು ನಡೆಯುತ್ತಾಳೆ. ಬಲಗಾಲು ಮಾತು ಕೇಳುತ್ತದೆ, ಅದಕ್ಕೆ ಅವಳು ಜಾಣ ಎಂದು ಹೆಸರಿಟ್ಟಿದ್ದಾಳೆ. ಎಡಗಾಲು ಸೆಟೆದುಕೊಂಡು ತನ್ನದೇ ಹಟ ಹಿಡಿಯುತ್ತದೆ. ಅದು ಮೊಂಡ.

ಅಪ್ಪನದು ಮನೆಯ ಕೆಳಗೇ ಕಟಿಂಗ್ ಶಾಪು. ಒಂದು ಉದ್ದದ ಕನ್ನಡಿ, ಎರಡು ತಿರುಗುವ ಕುರ್ಚಿ, ಕಾಯುವವರಿಗೆ ಒಂದು ಬೆಂಚು. ಬೆಳಿಗ್ಗೆ ಬುಗುರಿಯನ್ನು ಅಪ್ಪ ಎತ್ತಿಕೊಂಡು ಮೆಟ್ಟಿಲು ಇಳಿಸುತ್ತಾನೆ, ಸ್ಕೂಲು ಬಿಟ್ಟ ಮೇಲೆ ಎತ್ತಿಕೊಂಡು ಹತ್ತಿಸುತ್ತಾನೆ. ಉಳಿದ ಹೊತ್ತೆಲ್ಲಾ ಗಿರಾಕಿಗಳ ಕುತ್ತಿಗೆಗೆ ಬಟ್ಟೆ ಕಟ್ಟಿ, ಮುಖಕ್ಕೆ ಸೋಪು ಹಚ್ಚಿ, “ಒಂದ್ನಿಮಿಷ, ನನ್ನ ಮಗಳದ್ದು ಹೊಸಾ ವಿಡಿಯೋ ನೋಡಿ” ಎನ್ನುತ್ತಾನೆ. ಅರ್ಧ ಗಡ್ಡ ಬೋಳಿಸಿಕೊಂಡವರು ಎದ್ದು ಹೋಗುವುದಾದರೂ ಎಲ್ಲಿಗೆ? ನೋಡುತ್ತಾರೆ.

ಆ ದಿನ ಗಣಿತದ ಪೀರಿಯಡ್ಡಿನಲ್ಲಿ ಮಿಸ್ ಬೋರ್ಡಿನ ಮೇಲೆ ಭಿನ್ನರಾಶಿಯ ಲೆಕ್ಕ ಬರೆದರು. ಅರ್ಧ ಮತ್ತು ಕಾಲು, ಕೂಡಿಸಬೇಕು. ಮೊದಲು ಹೋದ ಹುಡುಗಿ ಮೇಲಿನ ಅಂಕೆಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ ಏನೋ ಒಂದು ಬರೆದಳು. ಮಿಸ್ ಸರಿಯಾಗಿ ಬೈದರು. “ನಿನ್ನೆಯೆಲ್ಲಾ ಬಡ್ಕೊಂಡಿದ್ದು ಯಾರಿಗೆ? ಗೋಡೆಗಾ?”

ಆಮೇಲೆ ಅಂಥದೇ ಇನ್ನೊಂದು ಲೆಕ್ಕ. “ಬುಗುರಿ, ನೀನು ಬಾ.”

ಅವಳು ವಾಕರ್ ಹಿಡಿದು ಎದ್ದಳು. ಡೆಸ್ಕುಗಳ ನಡುವೆ ಟಕ್ ಟಕ್ ಎಂದು ಹೋಗಿ, ಒಂದು ಕೈಯಲ್ಲಿ ವಾಕರ್ ಹಿಡಿದು, ಇನ್ನೊಂದರಲ್ಲಿ ಚಾಕ್‌ಪೀಸು ಹಿಡಿದು ಉತ್ತರ ಬರೆದಳು. ಬರೆದು ತಿರುಗಿದಳೋ ಇಲ್ಲವೋ, ಹಿಂದಿನ ಬೆಂಚಿನಿಂದ ಗುಂಗುರು ಚಪ್ಪಾಳೆ ತಟ್ಟಿದ. ಗುಂಗುರು ಕೂದಲಿನ ಆ ಹುಡುಗನಿಗೆ ಕ್ಲಾಸಿನಲ್ಲಿ ಅದೇ ಹೆಸರು. ಅವನ ಪಕ್ಕದವರು ತಟ್ಟಿದರು. ಇಡೀ ಕ್ಲಾಸು ತಟ್ಟಿತು. ಮಿಸ್ ಕೂಡ ನಗುತ್ತಾ ಸೇರಿಕೊಂಡರು.

ಬುಗುರಿ ಹಿಂತಿರುಗಿ ಬೋರ್ಡು ನೋಡಿದಳು. ಲೆಕ್ಕ ತಪ್ಪಾಗಿತ್ತು. ಆ ಹುಡುಗಿ ಮಾಡಿದ್ದ ತಪ್ಪನ್ನೇ ಅವಳೂ ಮಾಡಿದ್ದಳು.

“ಮಿಸ್, ಇದು ತಪ್ಪು” ಎಂದಳು.

“ಪರವಾಗಿಲ್ಲಮ್ಮ, ಅಲ್ಲಿಂದ ಎದ್ದು ಬಂದ್ಯಲ್ಲ, ಅದೇ ದೊಡ್ಡದು. ಹೋಗಿ ಕೂತ್ಕೋ.”

ಬೈಸಿಕೊಂಡ ಹುಡುಗಿ ಬುಗುರಿಯನ್ನು ಒಂಥರಾ ನೋಡಿದಳು. ಬುಗುರಿಗೆ ಕಿವಿಯೆಲ್ಲಾ ಬಿಸಿಯಾಯಿತು.

ಊಟದ ಬಿಡುವಿನಲ್ಲಿ ಅವಳು ಗುಂಗುರುವನ್ನು ಹಿಡಿದು ನಿಲ್ಲಿಸಿದಳು. “ಯಾಕೋ ಚಪ್ಪಾಳೆ ತಟ್ದೆ?”

“ನಿಮ್ಮಪ್ಪ ತಟ್ತಾರಲ್ಲ?” ಅವನಿಗೆ ನಿಜಕ್ಕೂ ಆಶ್ಚರ್ಯ. “ನಿನ್ನೆ ಕಟಿಂಗಿಗೆ ಹೋಗಿದ್ದೆ. ನೀನು ನಿಂತ್ಕೊಳ್ಳೋದು, ಬಟನ್ ಹಾಕ್ಕೊಳ್ಳೋದು, ಎಲ್ಲಾ ತೋರಿಸಿದ್ರು. ಸೂಪರಾಗಿತ್ತು ಕಣೇ.”

ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ. ಇದ್ದಿದ್ದರೆ ಎರಡು ಬೈದು ಸುಮ್ಮನಾಗಬಹುದಿತ್ತು.

ಮನೆಗೆ ಬಂದವಳೇ ಬ್ಯಾಗು ಎಸೆದಳು. ಮೇಲೆ ಎತ್ತಿಕೊಂಡು ಬಂದ ಅಪ್ಪ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಏನಾಯಿತೆಂದು ಕೇಳಿದ್ದೇ ತಡ, ಒಂದೇ ಉಸಿರಿಗೆ ಸುರಿದಳು. “ಇನ್ಮೇಲೆ ನನ್ನ ವಿಡಿಯೋ ತೆಗೀಬೇಡ. ಯಾರಿಗೂ ತೋರಿಸ್ಬೇಡ. ಚಪ್ಪಾಳೆನೂ ತಟ್ಬೇಡ. ನಾನೇನು ಸರ್ಕಸ್ಸಾ?”

ಅಪ್ಪ ಮೊಬೈಲನ್ನು ಗೋಡೆಯ ಗೂಡಿನಲ್ಲಿ ಚಾರ್ಜಿಗೆ ಹಾಕಿ, “ಸರಿ ಪುಟ್ಟಾ” ಎಂದು ಮೆಲ್ಲಗೆ ಮೆಟ್ಟಿಲಿಳಿದು ಹೋದ.

ಸಂಜೆ ಅಮ್ಮ ಬ್ಯಾಗು ಹೊಲಿಯುವ ವರ್ಕ್‌ಶಾಪಿನಿಂದ ಬಂದು, ಚಾಪೆ ಹಾಸಿ, ಎಂದಿನಂತೆ ಮೊಂಡನನ್ನು ಮಡಿಸಿ ಬಿಡಿಸುವ ವ್ಯಾಯಾಮ ಶುರು ಮಾಡಿದಳು. ಅಮ್ಮ ಚಪ್ಪಾಳೆ ತಟ್ಟುವವಳಲ್ಲ. “ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ” ಎನ್ನುವವಳು.

“ಅಪ್ಪನ್ನ ಬೈದ್ಯಂತೆ.”

“ಬೈದಿಲ್ಲ. ಹೇಳ್ದೆ.”

“ಹೇಳಿದ್ದು ಸರಿಯಾಗೇ ಇದೆ.” ಅಮ್ಮ ಕಾಲು ಒತ್ತುತ್ತಲೇ ಇದ್ದಳು. “ನೀನು ಹುಟ್ಟಿದಾಗ ಅಂಗೈಯಷ್ಟಿದ್ದೆ. ಎಷ್ಟೋ ತಿಂಗಳಾದ್ರೂ ಕರೆದ್ರೆ ತಿರುಗ್ತಿರಲಿಲ್ಲ. ಕಿವಿ ಕೇಳುತ್ತೋ ಇಲ್ವೋ ಅಂತ ಡಾಕ್ಟರಿಗೂ ಅನುಮಾನ. ನಿಮ್ಮಪ್ಪ ಅಂಗಡಿ ಮುಚ್ಚಿ ಬಂದವರೇ ನಿನ್ನ ಪಕ್ಕ ಕೂತು ಚಪ್ಪಾಳೆ ತಟ್ಟೋರು. ಈ ಕಿವಿ ಹತ್ರ ಸ್ವಲ್ಪ, ಆ ಕಿವಿ ಹತ್ರ ಸ್ವಲ್ಪ. ದಿನಾ ಅದೇ ಕೆಲಸ. ನನಗೆ ತಲೆ ಚಿಟ್ಟು ಹಿಡಿದಿತ್ತು.”

“ಆಮೇಲೆ?”

“ಒಂದಿನ ನೀನು ಕತ್ತು ತಿರುಗಿಸಿ ಅವರನ್ನೇ ನೋಡಿದೆ. ಅವತ್ತಿಂದ ಆ ಮನುಷ್ಯನ ಕೈ ನಿಂತಿಲ್ಲ.”

ಬುಗುರಿ ಗೂಡಿನಲ್ಲಿದ್ದ ಮೊಬೈಲಿನ ಕಡೆ ಕತ್ತು ತಿರುಗಿಸಿದಳು.

“ಇನ್ನೂ ಸ್ವಲ್ಪ” ಎಂದಳು ಅಮ್ಮ.

ಅಪ್ಪ ಮಾತು ಉಳಿಸಿಕೊಂಡ. ಬುಗುರಿ ಶೂ ಹಾಕಿಕೊಂಡರೆ ಕಿಟಕಿಯಾಚೆ ನೋಡುತ್ತಿದ್ದ. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕುತ್ತಿದ್ದ, ತೆಗೆಯುತ್ತಿದ್ದ. ಮೊಬೈಲು ಗೂಡಿನಲ್ಲೇ ಇರುತ್ತಿತ್ತು. ಮನೆ ನೆಮ್ಮದಿಯಾಗಿತ್ತು. ಸ್ವಲ್ಪ ಜಾಸ್ತಿಯೇ ನೆಮ್ಮದಿಯಾಗಿತ್ತು.

ಶನಿವಾರ ಅರ್ಧ ದಿನ ಸ್ಕೂಲು. ಅಪ್ಪ ಅವಳಿಗೆ ಊಟ ಬಡಿಸಿ ಅಂಗಡಿಗೆ ಇಳಿದಿದ್ದ. ಅಮ್ಮ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಬುಗುರಿ ಹೋಂವರ್ಕ್ ಬರೆಯುತ್ತಿದ್ದಾಗ ಹಿತ್ತಲ ಕಡೆ ಧೋ ಎಂದು ಸದ್ದಾಯಿತು. ಕಿಟಕಿಯಲ್ಲಿ ಇಣುಕಿದಳು. ಮಾಳಿಗೆಯ ಟ್ಯಾಂಕು ತುಂಬಿ ನೀರು ಕೆಳಗೆ ಸುರಿಯುತ್ತಿತ್ತು. ಹಗ್ಗದ ಮೇಲೆ ಒಣಗಿದ್ದ ಅಂಗಡಿಯ ಟವೆಲುಗಳೆಲ್ಲಾ ಮತ್ತೆ ತೊಪ್ಪೆಯಾಗುತ್ತಿದ್ದವು. ನಲ್ಲಿಯಲ್ಲಿ ನೀರು ಬರುವುದೇ ದಿನ ಬಿಟ್ಟು ದಿನ. ಮೋಟಾರಿನ ಸ್ವಿಚ್ಚು ಇರುವುದು ಕೆಳಗೆ, ಅಂಗಡಿಯಲ್ಲಿ.

ಅಪ್ಪನಿಗೆ ಫೋನ್ ಮಾಡೋಣವೆಂದರೆ ಫೋನು ಗೂಡಿನಲ್ಲಿ ಕೂತು ಅವಳನ್ನೇ ನೋಡುತ್ತಿತ್ತು.

ಬೀದಿಯ ಕಡೆ ಕಿಟಕಿಗೆ ಹೋಗಿ ಕೂಗಿದಳು. “ಅಪ್ಪಾ, ಮೋಟಾರ್!” ಎದುರಿಗೆ ಲಾರಿಯಿಂದ ಕಬ್ಬಿಣದ ಸರಳು ಇಳಿಸುತ್ತಿದ್ದರು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಬಾಗಿಲ ಆಚೆ ಮೆಟ್ಟಿಲುಗಳಿದ್ದವು. ಕಾಲಿನ ವ್ಯಾಯಾಮ ಕಲಿಸುವ ಫಿಸಿಯೋ ಆಂಟಿಯ ರೂಮಿನಲ್ಲಿ ಮರದ ಪುಟ್ಟ ಮೆಟ್ಟಿಲು ಹತ್ತಿ ಇಳಿದು ಅವಳಿಗೆ ಅಭ್ಯಾಸವಿತ್ತು. ಆದರೆ ಅಲ್ಲಿ ಆಂಟಿ ಸೊಂಟದ ಬೆಲ್ಟು ಹಿಡಿದುಕೊಂಡಿರುತ್ತಿದ್ದರು. ಇಲ್ಲಿ ಯಾರೂ ಇಲ್ಲ.

ವಾಕರನ್ನು ಗೋಡೆಗೆ ಒರಗಿಸಿ ಎರಡೂ ಕೈಯಿಂದ ಕಂಬಿ ಹಿಡಿದಳು. ಇಳಿಯುವಾಗ ಮೊಂಡ ಮೊದಲು, ಜಾಣ ಆಮೇಲೆ. ಮೊಂಡನನ್ನು ಕೆಳಗಿಟ್ಟಳು. ಜಾಣ ಬಂದು ಪಕ್ಕದಲ್ಲಿ ನಿಂತ. ಮತ್ತೆ ಮೊಂಡ, ಮತ್ತೆ ಜಾಣ. ತಿರುವಿನ ಹತ್ತಿರ ಮಂಡಿ ಗಡಗಡ ನಡುಗಿತು. ಅಲ್ಲೇ ಕುಸಿದು ಕೂತಳು. ಅಂಗೈ ಬೆವರನ್ನು ಲಂಗಕ್ಕೆ ಒರೆಸಿಕೊಂಡಳು. ಕೂತವಳು ಕೂತಂತೆಯೇ ಜರುಗಿ ಮುಂದಿನ ಮೆಟ್ಟಿಲಿಗೆ ಇಳಿದಳು. ಚೆಂದ ಕಾಣದಿದ್ದರೆ ಬೇಡ, ನೋಡುವವರು ಯಾರಿದ್ದಾರೆ? ಆ ಯೋಚನೆಗೆ ಅವಳಿಗೇ ನಗು ಬಂತು. ಕಂಬಿ ಹಿಡಿದು ಎದ್ದಳು, ಮತ್ತೆ ಮೊಂಡನನ್ನು ಮುಂದೆ ಮಾಡಿದಳು.

ಕೆಳಗೆ ತಲುಪಿ, ಗೋಡೆ ಸವರಿಕೊಂಡು ಅಂಗಡಿಯ ಬಾಗಿಲಿಗೆ ಬಂದಳು. ನೆಲದ ತುಂಬಾ ಕತ್ತರಿಸಿದ ಕೂದಲು. ಜಾರೀತೆಂದು ಹೊಸ್ತಿಲಲ್ಲೇ ನಿಂತು ಬಾಗಿಲ ಚೌಕಟ್ಟು ಹಿಡಿದಳು.

ಅಪ್ಪ ಬೆನ್ನು ಹಾಕಿ ನಿಂತು ಒಬ್ಬರ ತಲೆಗೆ ಮೆಷಿನ್ ಹಿಡಿದಿದ್ದ. ಕನ್ನಡಿಯಲ್ಲಿ ಅವಳನ್ನು ನೋಡಿದ. ಮೆಷಿನ್ ಗಾಳಿಯಲ್ಲೇ ನಿಂತಿತು. ಅಪ್ಪನ ಕಣ್ಣು ಅವಳ ಹಿಂದೆ ಯಾರನ್ನೋ ಹುಡುಕಿತು. ಯಾರೂ ಇರಲಿಲ್ಲ.

“ಮೋಟಾರ್ ಆಫ್ ಮಾಡಪ್ಪ. ಟ್ಯಾಂಕ್ ತುಂಬಿ ಹೋಗ್ತಿದೆ.”

ಅಪ್ಪನ ಎರಡು ಕೈಗಳೂ ಮೇಲಕ್ಕೆ ಬಂದವು, ಒಂದರಲ್ಲಿ ಮೆಷಿನ್, ಒಂದರಲ್ಲಿ ಬಾಚಣಿಗೆ. ಎದೆಯ ಹತ್ತಿರ ಬಂದು ಹಾಗೇ ನಿಂತವು. ಆಮೇಲೆ ನಿಧಾನವಾಗಿ ಕೆಳಗಿಳಿದವು. ಅಪ್ಪ ಗೋಡೆಯ ಕಡೆ ತಿರುಗಿ ಸ್ವಿಚ್ಚು ಆರಿಸಿದ.

“ಯಾಕೆ ನಿಲ್ಲಿಸ್ಬಿಟ್ರಿ?” ಎಂದರು ಕುರ್ಚಿಯಲ್ಲಿದ್ದವರು, ಅರ್ಧ ತಲೆಯ ಕೂದಲಿನೊಂದಿಗೆ.

“ಏನಿಲ್ಲ ಸಾರ್.” ಅಪ್ಪ ಮೆಷಿನ್ ಕೆಳಗಿಟ್ಟ. “ಮಗಳು ಬಂದಿದಾಳೆ.”

ಅಷ್ಟೇ ಹೇಳಿದ. ಮಗಳು ಬಂದಿದಾಳೆ. ಬುಗುರಿ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಇದುವರೆಗೆ ಈ ಅಂಗಡಿಗೆ ಅವಳನ್ನು ಎತ್ತಿಕೊಂಡು ತಂದಿದ್ದರು, ತಂದು ಕೂರಿಸಿದ್ದರು. ಅವಳಾಗಿ ಎಂದೂ ಬಂದಿರಲಿಲ್ಲ.

ಅಪ್ಪ ಪೊರಕೆ ತೆಗೆದು ಬಾಗಿಲಿಂದ ಬೆಂಚಿನವರೆಗೆ ಕೂದಲು ಗುಡಿಸಿ ದಾರಿ ಮಾಡಿದ. ಕೈ ಚಾಚಲಿಲ್ಲ. ಅವಳು ಗೋಡೆ ಹಿಡಿದು ಹೋಗಿ ಬೆಂಚಿನಲ್ಲಿ ಕೂತಳು. ಅಪ್ಪ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದ.

ಅಮ್ಮ ಬರುವಾಗ ಗಿರಾಕಿಗಳೆಲ್ಲಾ ಹೋಗಿದ್ದರು. ಬೆಂಚಿನ ಮೇಲೆ ಮಗಳನ್ನು ಕಂಡು, “ಇವಳನ್ನ ಯಾವಾಗ ಕೆಳಗೆ ಕರ್ಕೊಂಡ್ ಬಂದ್ರಿ?” ಎಂದಳು.

ಅಪ್ಪ ಕತ್ತರಿ ಒರೆಸುತ್ತಾ ಬುಗುರಿಯ ಕಡೆ ನೋಡಿದ. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಮಿಸ್ ಹೆಸರು ಕರೆಯಲಿ ಎಂದು ಕಾಯುವ ಹುಡುಗನ ಹಾಗೆ ಕಂಡ.

ಬುಗುರಿ ತಾನೇ ಹೇಳಬಹುದಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು.

“ನೀನೇ ಹೇಳಪ್ಪ” ಎಂದಳು ಬುಗುರಿ.

ಅಪ್ಪ ಕತ್ತರಿ ಕೆಳಗಿಟ್ಟ. ಹೇಳಲು ಶುರು ಮಾಡಿದ. ತಾನು ನೋಡದೇ ಇದ್ದದ್ದನ್ನೆಲ್ಲಾ ಕಣ್ಣಾರೆ ಕಂಡವನಂತೆ ಹೇಳಿದ. ನೀರು ಜಲಪಾತವಾಯಿತು, ಮೆಟ್ಟಿಲುಗಳು ಇದ್ದುದಕ್ಕಿಂತ ಹೆಚ್ಚಾದವು. ಬುಗುರಿ ಎಲ್ಲೂ ಕೂರದೆ, ಎಲ್ಲೂ ನಡುಗದೆ, ರಾಣಿಯ ಹಾಗೆ ಇಳಿದು ಬಂದಳು.

“ಯಾವ ಕಾಲು ಮೊದಲು ಇಟ್ಟೆ?” ಎಂದು ಕೇಳುತ್ತಾ ಅಮ್ಮ ಬೆಂಚಿನಲ್ಲಿ ಅವಳ ಪಕ್ಕ ಕುಸಿದು ಕೂತು, ಎರಡೂ ಕಾಲುಗಳನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

“ಮೊಂಡ.”

ಅಪ್ಪ ಇನ್ನೂ ಹೇಳುತ್ತಲೇ ಇದ್ದ. ಹೇಳುತ್ತಾ ಹೇಳುತ್ತಾ ಅವನ ಕೈಗಳು ಗಾಳಿಯಲ್ಲಿ ಹಾರಾಡುತ್ತಿದ್ದವು. ತಪ್ಪುಗಳು ಬೇಕಾದಷ್ಟಿದ್ದವು. ಬುಗುರಿ ಒಂದನ್ನೂ ತಿದ್ದಲು ಹೋಗಲಿಲ್ಲ.