ಮಬ್ಬರಾಯನ ಗೊಡ್ಡು ಬಾತು

ಮಬ್ಬರಾಯನೆಂಬ ಮಾಯಾವಿ ಬೆಳಗಿರಿ ರಾಜ್ಯದ ಹಗಲನ್ನು ಕತ್ತರಿಸಿಕೊಂಡು ಹೋದ. ಮುಂಜಾನೆಯದೊಂದು ತುಂಡು, ಸಂಜೆಯದೊಂದು ತುಂಡು. ಎರಡನ್ನೂ ಸುರುಳಿ ಸುತ್ತಿ ತನ್ನ ಗುಹೆಯ ಹಂಡೆಯಲ್ಲಿ ಮುಚ್ಚಿಟ್ಟ. ಕೋಟೆ ಬಾಗಿಲಲ್ಲಿ ಅಡ್ಡ ನಿಂತ ಕಾವಲುಗಾರ ಭರಮಣ್ಣನನ್ನು ಕಲ್ಲು ಮಾಡಿದ.

ಭರಮಣ್ಣನ ಹೆಂಡತಿ ಕೆಂಚವ್ವ ಅರಮನೆಯ ಹಕ್ಕಿ ಸಾಕುವವಳು. ಹಗಲು ಗಿಡ್ಡವಾದ ಮೇಲೆ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸಿತು. ಬಾತೂ ನಿಲ್ಲಿಸಿತು. ಕಮ್ಮಾರನ ಕುಲುಮೆ ಪಕ್ಕದ ಕೋಳಿ ಮಾತ್ರ ಇಡುತ್ತಿತ್ತು. ಕೆಂಚವ್ವ ಅದನ್ನು ಗಮನಿಸಿದಳು. ಗಂಡನನ್ನು ಬಿಡಿಸಬೇಕೆಂದು ಮಬ್ಬರಾಯನ ಗುಹೆಗೆ ಹೋಗಿ ಹಕ್ಕಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಅವನು ಅವಳ ಹೆಸರನ್ನೂ ಕೇಳಲಿಲ್ಲ.

ಗುಹೆಯಲ್ಲಿ ಒಂದು ನೀಲಿ ಬಾತು ಇತ್ತು. ಅದು ಮಾತಾಡುತ್ತಿತ್ತು.

“ಮಬ್ಬರಾಯನ ಜೀವ ನನ್ನ ಹೊಟ್ಟೆಯಲ್ಲಿದೆ ಕಣೇ. ಮೊಟ್ಟೆಯ ಜೊತೆ ಹೊರಗೆ ಬರಬೇಕು. ಆ ಮೊಟ್ಟೆ ಒಡೆದರೆ ಅವನು ಮುಗಿದ.”

“ಹಾಗಾದರೆ ಇಡವ್ವ!”

“ಹಿಂಡಿದರೆ ಬರೋಕೆ ನಾನೇನು ಹಸುವೇ? ಒಂದು ದಿನವೂ ಇಟ್ಟಿಲ್ಲ. ಗೊಡ್ಡು ಅಂತಲೇ ನನ್ನನ್ನು ಆರಿಸಿದ್ದಾನೆ.”

ಕುಲುಮೆಯ ಬಿಸಿಗೇ ಆ ಕೋಳಿ ಇಟ್ಟಿತು ಅಂದುಕೊಂಡು ಕೆಂಚವ್ವ ಹುಲ್ಲು ಹಾಸಿ ಗೂಡು ಬೆಚ್ಚಗೆ ಮಾಡಿದಳು.

“ಬೆಚ್ಚಗಿದೆ. ಮೊಟ್ಟೆ ಇಲ್ಲ,” ಅಂದಿತು ಬಾತು.

ಬಸವನಹುಳು, ನೆನೆಸಿದ ರಾಗಿ ತಿನ್ನಿಸಿದಳು.

“ರುಚಿಯಾಗಿದೆ. ಮೊಟ್ಟೆ ಇಲ್ಲ.”

ಕೆಂಚವ್ವ ಕೂತು ಯೋಚಿಸಿದಳು. ಕುಲುಮೆಯಲ್ಲಿ ಬಿಸಿ ಇತ್ತು. ಬೆಳಕೂ ಇತ್ತು. ಕಮ್ಮಾರ ನಸುಕಿನಲ್ಲೇ ಬೆಂಕಿ ಹಚ್ಚುತ್ತಿದ್ದ, ಮಲಗುವಾಗ ಆರಿಸುತ್ತಿದ್ದ. ಆ ಕೋಳಿಗೆ ಹಗಲು ಗಿಡ್ಡವಾಗಿರಲೇ ಇಲ್ಲ.

ಎದ್ದು ಮಬ್ಬರಾಯನ ಹತ್ತಿರ ಹೋದಳು.

“ಬುದ್ಧೀ, ಕತ್ತಲಾದರೆ ಬಾತಿನ ಗೂಡಿನ ಹತ್ತಿರ ಯಾರೋ ಸುಳಿದಾಡ್ತಾರೆ.”

“ಯಾರೇ ಅವನು?”

“ಕಂಡರಲ್ಲವೇ ಹೇಳೋದು? ದೀಪಕ್ಕೆ ಎಣ್ಣೆ ಕೊಡಿ.”

“ಎಣ್ಣೆ ನಿಮ್ಮಪ್ಪ ತಂದುಕೊಡ್ತಾನಾ? ಹಂಡೆಯಲ್ಲಿ ಹಗಲು ಸುಮ್ಮನೆ ಬಿದ್ದಿದೆ. ಮುಂಜಾನೆಯದು ಮುಂಜಾನೆ ಹಾಸು, ಸಂಜೆಯದು ಸಂಜೆ ಹಾಸು. ಆಮೇಲೆ ಸುತ್ತಿಡು.”

ಕೆಂಚವ್ವ ದಿನವೂ ಹಾಸಿದಳು, ದಿನವೂ ಸುತ್ತಿಟ್ಟಳು. ವಾರ ಕಳೆಯಿತು. ಮೊಟ್ಟೆ ಇಲ್ಲ. ಇನ್ನೂ ವಾರಗಳು ಕಳೆದವು. ಅವಳು ಬಿಡಲಿಲ್ಲ. ಒಂದು ದಿನ ಬಾತು ತಾನೇ ಹುಲ್ಲು ಎಳೆದು ಸುತ್ತ ಜೋಡಿಸಿಕೊಂಡಿತು. ಆಮೇಲೆ ಇಟ್ಟಿತು.

ಕೆಂಚವ್ವ ಮೊಟ್ಟೆ ಕೈಗೆತ್ತಿಕೊಂಡಳು. ಇನ್ನೂ ಬಿಸಿಯಾಗಿತ್ತು. ಯಾವ ಹಕ್ಕಿಯ ಮೊದಲ ಮೊಟ್ಟೆಯನ್ನೂ ಅವಳು ಒಡೆದವಳಲ್ಲ. ಕೈ ನಿಂತಿತು.

“ಒಡಿಯೇ,” ಅಂದಿತು ಬಾತು. “ಇನ್ನೊಂದು ಇಡ್ತೀನಿ. ಹಗಲು ಉದ್ದ ಇದೆಯಲ್ಲ.”

ಒಡೆದಳು.

ಮಬ್ಬರಾಯ ಕೂತಲ್ಲೇ ಹೊಗೆಯಾದ. ಹಗಲಿನ ತುಂಡುಗಳು ಹಾರಿಹೋಗಿ ತಮ್ಮ ತಮ್ಮ ಜಾಗಕ್ಕೆ ಅಂಟಿಕೊಂಡವು. ಕೋಟೆ ಬಾಗಿಲಲ್ಲಿ ಕಲ್ಲು ಕೆಮ್ಮಿತು. ಭರಮಣ್ಣ ಮನೆಗೆ ಬಂದ.

ಅರಮನೆಯ ಕೋಳಿಗಳು ಮತ್ತೆ ಮೊಟ್ಟೆ ಇಟ್ಟವು. ನೀಲಿ ಬಾತು ಅರಮನೆಯ ಬಾತುಗಳ ಜೊತೆ ಸೇರಿ ಮರಿ ಮಾಡಿತು.