ಕರಿಗೂಳಿಯ ಬಲಗೈ

“ಗೊಂಬಿ ಬೇಕಾದ್ರ ನೋಡ್ರಿ ಸಾಹೇಬ್ರ. ನೋಡಿ ಅಲ್ಲೇ ಇಡ್ರಿ. ಆ ದಾರ ಮಾತ್ರ ಬಿಚ್ಚಬ್ಯಾಡ್ರಿ,” ಎಂದಳು ಮರೆಮ್ಮ.

ಸುಶ್ರುತ ನಕ್ಕ. ನಗುತ್ತಲೇ ಪಕ್ಕದಲ್ಲಿ ನಿಂತಿದ್ದ ವಿಠಲನ ಮುಖವನ್ನು ಓರೆಗಣ್ಣಿನಲ್ಲಿ ಅಳೆದ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆಯೇ ಎಂಬ ಗುಮಾನಿ ಆಗಲೇ ಅವನ ತಲೆ ಹೊಕ್ಕಿತ್ತು.

ಉಲ್ಹಾಸನಗರದ ಆ ತಗಡಿನ ಶೆಡ್ಡಿನಲ್ಲಿ ಹಗಲಿನಲ್ಲೂ ಕತ್ತಲೆ. ಪ್ಲಾಸ್ಟಿಕ್ ಗುಜರಿಯ ರಾಶಿಗಳು ಛಾವಣಿ ಮುಟ್ಟುತ್ತಿದ್ದವು. ಮರೆಮ್ಮ ರಾಯಚೂರು ಕಡೆಯವಳು, ಇಪ್ಪತ್ತು ವರ್ಷದಿಂದ ಇಲ್ಲೇ ಮಾಲು ಆರಿಸುವವಳು. ಒಂದು ಚೂರನ್ನು ಚಿಮಣಿಯ ಉರಿಗೆ ಹಿಡಿದು, ಹೊಗೆ ಮೂಸಿ, ಅದು ಯಾವ ಚೀಲಕ್ಕೆ ಸೇರಿದ್ದೆಂದು ಹೇಳುತ್ತಿದ್ದಳು. ಸುಟ್ಟ ಬಕೆಟ್ಟು, ಹಳಸಿದ ಹಾಲಿನ ಥೈಲಿ, ಇಲಿಯ ಉಚ್ಚೆ, ಎಲ್ಲ ಸೇರಿದ ಘಾಟು ಗಂಟಲಲ್ಲಿ ಕೂರುತ್ತಿತ್ತು. ಅವೆಲ್ಲವುಗಳ ನಡುವೆ ಸುಶ್ರುತನ ಅಂಗೈಯ ಮೇಲೆ ಮಲಗಿದ್ದ ಗೊಂಬೆಗೆ ಬೇರೆಯದೇ ವಾಸನೆ. ಹಳೆಯ ಎಣ್ಣೆ, ಅರಿಶಿನ, ಬೆವರು ಕುಡಿದ ಮಣ್ಣು.

ಗೇಣುದ್ದದ ಕಪ್ಪು ಮೈ. ಹಸಿರು ಚಡ್ಡಿ. ಬಲಗೈಯನ್ನು ಮೈಗೆ ಒತ್ತಿ ಕರಿದಾರ ಸುತ್ತಿ ಏಳು ಗಂಟು ಹಾಕಿದ್ದರು.

ಅದು ಕರಿಗೂಳಿ. ಕುಸ್ತಿ ಗೊಂಬೆಯ ಪೆಟ್ಟಿಗೆಯ ಮೇಲೆ ಚಿತ್ರ ನೋಡಿ, ಅದರಡಿಯ ಅಮೆರಿಕದ ಹೆಸರನ್ನು ಓದಲು ಬಾರದ ವಯಸ್ಸಿನಲ್ಲಿ ಸುಶ್ರುತ ಇಟ್ಟ ಹೆಸರು. ಬಹರೈನಿನಲ್ಲಿದ್ದ ಚಿಕ್ಕಪ್ಪ ಕಿಟ್ಟಣ್ಣ ರಜೆಗೆ ಬಂದಾಗ ತಂದ ಮೊದಲ ಕುಸ್ತಿ ಗೊಂಬೆ ಅದರ ಅಣ್ಣನಂಥದ್ದು, ಕೆಂಪು ಚಡ್ಡಿಯದು. ಉಡುಪಿಯಲ್ಲಿ ಅಪ್ಪನ ಹೋಟೆಲಿನ ಹಿಂದೆ, ಇಡ್ಲಿ ಪಾತ್ರೆಗಳನ್ನೇ ಅಖಾಡವಾಗಿ ಮಾಡಿಕೊಂಡು, ಅದರ ಕೈಯನ್ನು ಹಿಂದಕ್ಕೆ ಎಳೆದು ಬಿಟ್ಟರೆ ಒಳಗಿನ ಸ್ಪ್ರಿಂಗು ಚಿಮ್ಮಿ ಎದುರಾಳಿ ಸಾಂಬಾರಿನ ಸೌಟಿನ ಮೇಲೆ ಬೀಳುತ್ತಿತ್ತು. ಆಮೇಲೆ ಕೇಬಲ್ ಬಂತು, ಕುಸ್ತಿಯ ಕಾರ್ಡುಗಳು ಬಂದವು, ಉಲ್ಹಾಸನಗರದಲ್ಲೇ ಅಚ್ಚು ಹಾಕಿದ ನಕಲಿ ಗೊಂಬೆಗಳು ಲೋಕಲ್ ಟ್ರೇನಿನ ಬಾಗಿಲಲ್ಲಿ ತೂಗಾಡಿದವು. ಓರಗೆಯವರೆಲ್ಲ ಅದನ್ನು ಬಿಟ್ಟು ಮುಂದೆ ಹೋದರು. ಸುಶ್ರುತ ಬಿಡಲಿಲ್ಲ. ಎಂಟು ತಿಂಗಳ ಹಿಂದೆ ವಾಶಿಯ ಒಂದು ಆರ್ಕಿಟೆಕ್ಟ್ ಆಫೀಸಿಗೆ ಡ್ರಾಫ್ಟ್ಸ್‌ಮನ್ ಆಗಿ ಬಂದು ನೆರೂಳಿನಲ್ಲಿ ಮನೆ ಹಿಡಿದಾಗ, ಬಟ್ಟೆಗಿಂತ ಮೊದಲು ಬಿಚ್ಚಿದ ಪೆಟ್ಟಿಗೆ ಗೊಂಬೆಗಳದೇ. ಹನ್ನೆರಡರ ಆ ಸೆಟ್ಟಿನಲ್ಲಿ ಹನ್ನೊಂದು ಇದ್ದವು. ಹಸಿರು ಚಡ್ಡಿ ಇರಲಿಲ್ಲ. ಡೊಂಬಿವಲಿಯಲ್ಲಿ ಕೇಬಲ್ ಎಳೆಯುವ ವಿಠಲನಿಗೂ ಇದೇ ಹುಚ್ಚು, ಅವನಲ್ಲೂ ಇರಲಿಲ್ಲ.

“ಎಲ್ಲಿಯದು ಇದು?” ಎಂದು ಕೇಳಿದ ಸುಶ್ರುತ.

“ಕಲ್ಯಾಣದಾಗ ಒಂದು ತಾಲೀಮಿನ ಗರಡಿ ಕೆಡವಿದ್ರು, ಬಿಲ್ಡಿಂಗ್ ಕಟ್ಟಾಕ. ಕುಸ್ತಿ ಮಣ್ಣಿನ ಕೆಳಗ ಹುಗದಿದ್ರಂತ. ಯಾರೋ ಒಬ್ಬ ಪೈಲವಾನನ ಕೈ ಕಟ್ಟಿಸ್ಯಾರ. ಹಿಟ್ಟಿನ ಗೊಂಬಿ ಆಗಿದ್ರ ವರ್ಷದಾಗ ಕೊಳತು ಮಾಟ ಕರಗ್ತಿತ್ತು. ಇದು ಪ್ಲಾಸ್ಟಿಕ್ ಅದ. ಕೊಳೆಯಾಂಗಿಲ್ಲ.” ಮರೆಮ್ಮ ಗೊಂಬೆಯ ಕಡೆ ನೋಡದೆ ಮಾತಾಡುತ್ತಿದ್ದಳು. “ಅಮಾಸಿಗೆ ಖಾಡಿ ನೀರಿಗೆ ಹಾಕ್ತೀನಿ.”

“ಹಾಗಾದರೆ ಬಿಚ್ಚಿದರೆ ಪುಣ್ಯ ಅಲ್ಲವಾ? ಪಾಪ, ಪೈಲವಾನನಿಗೆ ಕೈ ಬಂತಲ್ಲ.”

“ಅವಂಗ ಬರ್ತದ. ಕಟ್ಟು ಹೋಗಾಂಗಿಲ್ಲ. ಬಿಚ್ಚಿದವರ ಕೈಗೆ ಬಂದು ಕೂಡ್ತದ.”

“ಛೋಡ್ ದೋ ಭಾಯ್,” ಎಂದ ವಿಠಲ. “ಮೌಶಿ ಸುಳ್ಳ ಹೇಳೂದಿಲ್ಲ.”

ಅದೇ ಮಾತು ಸುಶ್ರುತನ ಅನುಮಾನವನ್ನು ಗಟ್ಟಿ ಮಾಡಿತು. ಮೂರು ವರ್ಷದಿಂದ ಹುಡುಕುತ್ತಿದ್ದ ಮಾಲನ್ನು ಕಂಡವನು ಬಿಟ್ಟುಬಿಡು ಎನ್ನುತ್ತಾನೆಯೇ? ತಾನು ಅತ್ತ ಹೋದೊಡನೆ ಇತ್ತ ಇವನು ಬಂದು ಒಯ್ಯುತ್ತಾನೆ. ಮರೆಮ್ಮ ಒಂದು ಚೀಲ ಎಳೆಯಲು ಬೆನ್ನು ತಿರುಗಿಸಿದಾಗ ಸುಶ್ರುತ ತಕ್ಕಡಿಯ ಕಲ್ಲಿನ ಕೆಳಗೆ ಒಂದು ನೋಟು ತುರುಕಿ, ಗೊಂಬೆಯನ್ನು ಜೇಬಿಗಿಳಿಸಿದ. ವಿಠಲ ನೋಡಿದ. ಸ್ಟೇಷನ್ನಿನವರೆಗೂ ನಾಲ್ಕು ಹೆಜ್ಜೆ ದೂರದಲ್ಲೇ ನಡೆದ.

ಅದು ಭಾನುವಾರ. ಸಂಜೆ ನೆರೂಳಿನ ಬಚ್ಚಲಿನಲ್ಲಿ ಬೆಚ್ಚಗಿನ ನೀರು, ಸೋಪಿನ ಪುಡಿ, ಹಳೆಯ ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡು ಕುಳಿತ. ದಾರವನ್ನು ಹಾಗೆಯೇ ಬಿಡಬಹುದಿತ್ತು. ಆದರೆ ಸಂಗ್ರಹ ಮಾಡುವವನಿಗೆ ಅದು ಆಗದ ಮಾತು. ದಾರದಡಿ ಬಣ್ಣ ತಿಂದುಹೋಗುತ್ತದೆ, ಸ್ಪ್ರಿಂಗು ತುಕ್ಕು ಹಿಡಿಯುತ್ತದೆ. ಕತ್ತರಿಸಲೂ ಮನಸ್ಸಾಗಲಿಲ್ಲ. ವಸ್ತುವಿನ ಜೊತೆ ಬಂದದ್ದು ಯಾವುದೂ ಹಾಳಾಗಬಾರದು. ಹಾಗಾಗಿ ಸೂಜಿಯಿಂದ ಒಂದೊಂದೇ ಗಂಟು ಬಿಡಿಸತೊಡಗಿದ.

“ಎಂಥ ವಾಸನೆ ಮಾರಾಯ್ರೆ ಇದು? ಬಚ್ಚಲಲ್ಲಿ ಹೆಣ ತೊಳೀತಿದ್ದೀರಾ?” ಹೆಂಡತಿ ಜಯಲತಾ ಸೆರಗಿನಿಂದ ಮೂಗು ಮುಚ್ಚಿ ಬಾಗಿಲಲ್ಲಿ ನಿಂತಳು.

“ಕುಸ್ತಿ ಮಣ್ಣು. ಇನ್ನೇನು, ಆಯಿತು.”

ಏಳನೆಯ ಗಂಟು ಸಡಿಲಿತು. ಕರೆಂಟು ಹೋಯಿತು.

ಕತ್ತಲಲ್ಲಿ ‘ಟಕ್’ ಎಂಬ ಸದ್ದು. ಗೊಂಬೆಯ ಬಲಗೈ ಚಿಮ್ಮಿ ಮೇಲಕ್ಕೆ ನಿಂತದ್ದು ಬೆರಳಿಗೆ ತಾಗಿತು. ಸ್ಪ್ರಿಂಗು ಇನ್ನೂ ಜೀವಂತ ಎಂದು ಸುಶ್ರುತ ಖುಷಿಯಿಂದ ನಕ್ಕ. ಬಕೆಟ್ಟಿನ ನೀರು ಯಾಕೋ ಮಂಜಿನಂತೆ ತಣ್ಣಗಿತ್ತು. ಗೋಡೆಯ ಗಡಿಯಾರ ಏಳು ಹೊಡೆಯಿತು.

ಮೊದಲು ಅವನ ಬಲಗೈಯ ಹೆಬ್ಬೆರಳು ಜೋಮು ಹಿಡಿಯಿತು. ಟ್ರೇಸಿಂಗ್ ಹಾಳೆಯ ಮೇಲೆ ಇಂಕು ಪೆನ್ನಿನ ಗೆರೆ ಕೂದಲೆಳೆಯಷ್ಟು ಸೊಟ್ಟಗಾಯಿತು. ಬ್ಲೇಡಿನಿಂದ ಕೆರೆದು ತಿದ್ದಿದ. ಮರುವಾರ ತೋರುಬೆರಳು. ಆಫೀಸಿನಲ್ಲಿ ಕಂಪ್ಯೂಟರ್ ಬರುವ ಮಾತಿತ್ತು. ಕೈ ಚೆನ್ನಾಗಿರುವ ಒಬ್ಬನನ್ನು ಮಾತ್ರ ಉಳಿಸಿಕೊಳ್ಳುತ್ತೇನೆ, ತಿಂಗಳ ಕೊನೆಯ ಟೌನ್‌ಶಿಪ್ ನಕ್ಷೆ ನೋಡಿ ಹೇಳುತ್ತೇನೆ ಎಂದಿದ್ದರು ಸಾಹೇಬರು. ಸುಶ್ರುತನಿಗೆ ಬೇರೆ ವಿದ್ಯೆ ಇರಲಿಲ್ಲ. ಹಗಲೆಲ್ಲ ಹೋಟೆಲಿನ ಗಲ್ಲೆಯಲ್ಲಿ ಕೂತು, ಸಂಜೆಯ ಕ್ಲಾಸಿನಲ್ಲಿ ಕಲಿತದ್ದು ಈ ಒಂದು ಗೆರೆ.

ಡಾಕ್ಟರು ನರ ಎಂದರು, ಟ್ರೇನಿನಲ್ಲಿ ಜೋತು ಬೀಳಬೇಡಿ ಎಂದರು. ಸುಶ್ರುತ ಬೇರೆಯದನ್ನೇ ಯೋಚಿಸುತ್ತಿದ್ದ. ಪಕ್ಕದ ಮೇಜಿನವನು ಇಂಕಿನಲ್ಲಿ ಏನಾದರೂ ಬೆರೆಸಿದನೇ? ವಿಠಲ ಗೊಂಬೆಗೆ ಮೊದಲೇ ಏನಾದರೂ ಸವರಿದ್ದನೇ? ಫೋನು ಮಾಡಿದರೆ ವಿಠಲ, “ಕೈ ಹೆಂಗೈತಿ ಭಾಯ್?” ಎಂದ. ಕೈಯ ಸುದ್ದಿಯನ್ನು ತಾನು ಹೇಳಿರಲೇ ಇಲ್ಲ. ಸುಶ್ರುತ ಫೋನು ಇಟ್ಟುಬಿಟ್ಟ. ಜಯಲತಾ ಕಲಸಿಕೊಟ್ಟ ಅನ್ನವನ್ನೂ ಒಮ್ಮೆ ಮೂಸಿ ನೋಡಿದ. ಅವಳು ಅದನ್ನು ಕಂಡು ತಟ್ಟೆ ಎತ್ತಿಕೊಂಡು ಹೋದಳು.

ನಾಲ್ಕನೆಯ ವಾರ ಮೊಣಕೈವರೆಗೂ ಸತ್ತಿತು. ಕೈ ತಾನಾಗಿಯೇ ಪಕ್ಕೆಗೆ ಒತ್ತಿಕೊಂಡು ನಿಂತಿತು. ಎಳೆದರೂ ಬರಲಿಲ್ಲ. ಅಂಗಿ ಬಿಚ್ಚಿದಾಗ ಜಯಲತಾ ಕಿರುಚಿಕೊಂಡಳು. ತೋಳಿನಿಂದ ಸೊಂಟದವರೆಗೆ, ಸುತ್ತಲೂ, ಚರ್ಮದಲ್ಲಿ ತೆಳ್ಳನೆಯ ಏಳು ಗೆರೆಗಳು ಇಳಿದಿದ್ದವು.

ಮರುದಿನವೇ ಗೊಂಬೆಯನ್ನು ಚೀಲಕ್ಕೆ ಹಾಕಿಕೊಂಡು ಉಲ್ಹಾಸನಗರಕ್ಕೆ ಓಡಿದ. ಮರೆಮ್ಮ ಅವನನ್ನು ಶೆಡ್ಡಿನೊಳಗೆ ಕರೆಯಲಿಲ್ಲ.

“ಸುಟ್ಟುಬಿಡಲಾ ಇದನ್ನು?”

“ಸುಟ್ರ ಇಬ್ಬರದೂ ಹೋಗ್ತದ. ನಿಮ್ಮದೂ, ಅವಂದೂ.”

“ಮತ್ತೆ ಕಟ್ಟಿದರೆ?”

ಅವಳು ಶೆಡ್ಡಿನ ಬಾಗಿಲು ಎಳೆದುಕೊಂಡಳು. “ಅದೇ ದಾರ ಐತೇನ್ರಿ?”

ಇತ್ತು. ಫೋಟೊ ರೀಲಿನ ಡಬ್ಬಿಯಲ್ಲಿ ಸುತ್ತಿ ಚೀಲದಲ್ಲೇ ಇಟ್ಟಿದ್ದ.

“ಕಟ್ಟಿದ್ರ ನಿಮ್ಮ ಕೈ ನಿಮಗ ಬರ್ತದ, ಅವಂದು ಮತ್ತ ಹೋಗ್ತದ. ಆದ್ರ ಬಿಚ್ಚಿದ್ದು ಅರಿಯದ ಮಾಡಿದ್ದು. ಕಟ್ಟೂದು ಅರಿತು ಮಾಡೂದು. ಕಟ್ಟೂಕಿಂತ ಮೊದಲ ಅವನ ಮಾರಿ ನೋಡಿ ಬರ್ರಿ. ಯಾರಂತ ಆಮ್ಯಾಲ ಗೊತ್ತಾತು, ಶಿವರಾಯ ಅಂತ, ವಿಜಾಪುರದಾಂವ. ಕಲ್ಯಾಣದ ಮಾರ್ಕೆಟ್ಟಿನಾಗ ಕೇಳ್ರಿ.”

ನಾಟಕ, ಎಂದುಕೊಂಡ ಸುಶ್ರುತ ಟ್ರೇನಿನಲ್ಲಿ. ಇವರೆಲ್ಲ ಒಂದೇ ಗುಂಪಿನವರು. ಆ ಪೈಲವಾನ ಎಂಬವನಿಗೆ ಪಾಠ ಹೇಳಿಕೊಟ್ಟೇ ಇರುತ್ತಾರೆ. ಹೋಗಿ ಕಣ್ಣಾರೆ ನೋಡಿ ಹಿಡಿದುಹಾಕುತ್ತೇನೆ.

ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಯಾಣದ ಮಾರ್ಕೆಟ್ಟು ಈರುಳ್ಳಿಯ ಕೊಳೆತ ಸಿಹಿಯಲ್ಲಿ ಬೇಯುತ್ತಿತ್ತು. ಲಾರಿಯಿಂದ ಗೋದಾಮಿನ ಕಟ್ಟೆಗೆ ಅಡ್ಡ ಹಾಕಿದ ಹಲಗೆ. ಅದರ ಮೇಲೆ, ಬಾಗಿದ ಕತ್ತಿಗೆ ಚೀಲವೇರಿಸಿ ಬಲಗೈಯಿಂದ ಅದನ್ನು ಆನಿಸಿಕೊಂಡು ಒಬ್ಬ ಎತ್ತರದ ಆಳು ದಾಟುತ್ತಿದ್ದ. ಹೆಸರು ಹಿಡಿದು ಕರೆದಾಗ ಚೀಲ ಇಳಿಸಿ ಬಂದ. ಮುರಿದು ಗಂಟಾದ ಕಿವಿಗಳು, ಮಣ್ಣಿನಲ್ಲಿ ವರ್ಷಗಟ್ಟಲೆ ಉರುಳಿದವನ ಕಿವಿ.

“ಕನ್ನಡದಾವ್ರೇನ್ರಿ? ಬರ್ರಿ ಬರ್ರಿ. ಚಹಾ ಕುಡೀರಿ.”

“ನಿಮ್ಮ ಕೈ ಸರಿಯಾಯಿತಂತೆ. ಕೇಳಿದೆ.”

ಶಿವರಾಯನ ಮುಖ ಅರಳಿತು. ಬಲಗೈಯನ್ನು ಎದುರಿಗೆ ಹಿಡಿದು, ಬೇರೆ ಯಾರದೋ ಕೈ ನೋಡುವವನಂತೆ ನೋಡಿದ. “ಆರು ವರ್ಷ ಸತ್ತಿತ್ರಿ ಇದು. ಫೈನಲ್ ಕುಸ್ತಿ ದಿನ ಮುಂಜಾನಿ ಎದ್ದೆ, ಇಲ್ಲ. ಹೇಣ್ತಿ ತುತ್ತು ಮಾಡಿ ಉಣಿಸ್ತಿದ್ಲು. ಈ ತಿಂಗಳ ಮೊದಲನೇ ಐತ್ವಾರ ನೋಡ್ರಿ, ಸಂಜೀ ಏಳಕ್ಕ, ಚಹಾದ ಕಪ್ಪು ಬಲಗೈಯಾಗ ಹಿಡಿದೀನಿ. ನನಗ ಗೊತ್ತೇ ಇಲ್ಲ. ಅಕಿ ನೋಡಿ ಅಳಾಕತ್ಲು.”

ಅದೇ ಭಾನುವಾರ. ಸಂಜೆ ಏಳು. ಸುಶ್ರುತ ವಿಠಲನಿಗೂ ಹೇಳದ ಹೊತ್ತು ಅದು. ಪಾಠ ಹೇಳಿಕೊಡಲು ಯಾರಿಗೂ ಗೊತ್ತಿರಲಿಲ್ಲ.

ಶಿವರಾಯ ಅವನ ಸತ್ತ ಬಲಗೈಯನ್ನು ತನ್ನ ಬಲಗೈಯಲ್ಲಿ ಹಿಡಿದು ಅಲುಗಿಸಿದ. “ಭಾಳ ತಣ್ಣಗೈತ್ರಿ ಕೈ. ಎಣ್ಣಿ ಹಚ್ಚಿ ತಿಕ್ಕಿಸ್ಕೋರಿ. ಹಿಂಗ ಬಿಡಬ್ಯಾಡ್ರಿ, ಸಾಯತೈತಿ.” ಹಿಂದಿನಿಂದ ಹಮಾಲರ ಮುಕಾದಮ ಕೂಗಿದ. ಶಿವರಾಯ ನಗುತ್ತ, “ಇನ್ನೊಂದು ಖೇಪು ಹಾಕಿ ಬಂದ್ನಿ, ನಿಂದ್ರಿ,” ಎಂದು ಲಾರಿಯ ಕಡೆ ನಡೆದ.

ಸುಶ್ರುತ ಕಾಯಬಹುದಿತ್ತು. ಹೇಳಬಹುದಿತ್ತು, ಹೀಗಾಗಿದೆ, ನಾನೇ ಬಿಚ್ಚಿದ್ದು ಎಂದು. ಹೇಳಿದರೆ ಅವನು ಬಿಡುತ್ತಾನೆಯೇ? ಗೊಂಬೆಯನ್ನು ಕಿತ್ತುಕೊಳ್ಳದೇ ಇರುತ್ತಾನೆಯೇ? ಆ ಕೈಯ ಬಿಗಿ ಈಗಷ್ಟೇ ನೋಡಿದ್ದಲ್ಲವೇ? ನಾಳೆ ನಕ್ಷೆ ಕೊಡಬೇಕು. ನಾಡಿದ್ದು ತಿಂಗಳ ಕೊನೆ.

ಖಾಲಿ ಗೋಣಿಚೀಲಗಳ ಒಟ್ಟಿಲ ಹಿಂದೆ ಸರಿದ. ಅಲ್ಲಿ ಕತ್ತಲು. ಧೂಳು. ಸೆಣಬಿನ ಹಸಿ ವಾಸನೆ. ಡಬ್ಬಿಯ ಮುಚ್ಚಳವನ್ನು ಹಲ್ಲಿನಿಂದ ತೆಗೆದ. ಗೊಂಬೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿದ. ಅದರ ಕೈ ಮೇಲೆತ್ತಿಯೇ ಇತ್ತು. ಕೆಳಗೆ ಒತ್ತಿದ. ಸ್ಪ್ರಿಂಗು ಎದುರೊತ್ತಿತು. ಮತ್ತೆ ಒತ್ತಿದ. ಎಡಗೈಯಲ್ಲಿ ದಾರ. ಒಂದು ಸುತ್ತು. ಹಲ್ಲಲ್ಲಿ ತುದಿ. ಒಂದು ಗಂಟು. ಬಾಯೊಳಗೆ ಅರಿಶಿನ, ಎಣ್ಣೆ, ಮಣ್ಣು. ಎರಡು. ಹೊರಗೆ ಯಾರೋ ನಗುತ್ತಿದ್ದಾರೆ. ಮೂರು. ನಾಲ್ಕು. ಹಲಗೆ ಕಿರುಗುಟ್ಟಿತು. ಐದು. ಯಾರೋ ಏರುತ್ತಿದ್ದಾರೆ. ಬೇಡ, ಒಂದು ನಿಮಿಷ ತಡಿ, ಅವನು ಇಳಿಯಲಿ. ಆರು. ಹಲ್ಲು ನಿಲ್ಲಲಿಲ್ಲ. ಏಳು.

ಭಾರವಾದದ್ದೊಂದು ಬಿದ್ದಿತು. ಅದರ ಹಿಂದೆಯೇ ಇನ್ನೊಂದು, ಮೆತ್ತಗಿನದು. ನಗು ನಿಂತಿತು. ಈರುಳ್ಳಿಗಳು ಉರುಳಿಕೊಂಡು ಗೋಣಿಯ ಒಟ್ಟಿಲವರೆಗೂ ಬಂದವು. ಯಾರೋ ನೀರು, ನೀರು ಎಂದು ಕೂಗಿದರು.

ಸುಶ್ರುತನ ಬಲಗೈಯ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಬಿಸಿ ರಕ್ತ ಹರಿದು ಜುಮ್ಮೆಂದಿತು. ಅವನು ತಿರುಗಿ ನೋಡದೆ ಸ್ಟೇಷನ್ನಿಗೆ ನಡೆದ. ಟ್ರೇನಿನಲ್ಲಿ ಬಲಗೈಯಿಂದಲೇ ಹಿಡಿಕೆ ಹಿಡಿದ.

ಮರುದಿನ ಟೌನ್‌ಶಿಪ್ಪಿನ ನಕ್ಷೆ ಮುಗಿಯಿತು. ಕೆರೆದು ತಿದ್ದಿದ ಗುರುತು ಒಂದೂ ಇರಲಿಲ್ಲ. ಸಾಹೇಬರು ಹಾಳೆಯನ್ನು ಬೆಳಕಿಗೆ ಹಿಡಿದು, ಇವನನ್ನು ಉಳಿಸಿಕೊಳ್ಳಿ ಎಂದರು. ಅದೇ ಸಂಜೆ ವಿಠಲ ಫೋನು ಮಾಡಿದ. “ಪೈಲವಾನ ಹೋದ, ಮೌಶಿ ಹೇಳಿದ್ಲು. ಚೀಲ ಕತ್ತಿನ ಮ್ಯಾಲೇ ಬಿತ್ತು. ಈ ಕೈಸುದ್ದಿ ನಾ ಇನ್ನ ಕೇಳೂದಿಲ್ಲ ಭಾಯ್, ನೀವೂ ಫೋನ್ ಮಾಡಬ್ಯಾಡ್ರಿ.” ವಿಠಲ ಫೋನು ಇಟ್ಟುಬಿಟ್ಟ. ಆಗಲೇ ಅವನು ಗಮನಿಸಿದ್ದು. ಫೋನು ಎಡಗೈಯಲ್ಲಿತ್ತು. ಬಲಗೈ ಪೆನ್ನು ಕೆಳಗಿಟ್ಟ ಗಳಿಗೆಯಿಂದ ತಾನಾಗಿಯೇ ಭುಜದ ಮೇಲಕ್ಕೆ ಏರಿ, ಅಂಗೈ ಮೇಲಾಗಿ, ಹಿಂದಕ್ಕೆ ಬಾಗಿ ನಿಂತಿತ್ತು. ಕತ್ತು, ಹಲಗೆಯ ಮೇಲೆ ಚೀಲ ಹೊತ್ತವನ ಕತ್ತಿನಂತೆ, ಅದರಡಿಗೆ ಮೆಲ್ಲಗೆ ತಗ್ಗಿತ್ತು.

ಪೆನ್ನು ಹಿಡಿದಾಗ ಅದು ಹೇಳಿದಂತೆ ಕೇಳುತ್ತದೆ. ಪೆನ್ನು ಬಿಟ್ಟರೆ ಏರುತ್ತದೆ. ಈಗ ಸುಶ್ರುತ ಎಡಗೈಯಲ್ಲಿ ಉಣ್ಣುತ್ತಾನೆ. ಎದುರಿಗೆ ನೆಲದ ಮೇಲೆ ಕುಳಿತು ಬಡಿಸುವ ಜಯಲತಾ ಮೊದಮೊದಲು, “ಒಮ್ಮೆ ಇಳಿಸಿ ಮಾರಾಯ್ರೆ, ನೋಡ್ಲಿಕ್ಕಾಗುದಿಲ್ಲ,” ಎಂದು ಅತ್ತಳು. ಇಳಿಸಲು ಅವನಿಗೆ ಬಾರದೆಂದಲ್ಲ. ಬಲವಂತ ಮಾಡಿದರೆ ಇಳಿಯುತ್ತದೆ. ಆದರೆ ಅಂಗೈಯ ಮೇಲೆ ಕೂತಿರುವ ಭಾರ ಅವನಿಗೆ ಗೊತ್ತು. ಕೈ ತೆಗೆದರೆ ಅದು ಎತ್ತ ಬೀಳುತ್ತದೆಂಬುದೂ ಗೊತ್ತು.

“ಸ್ವಲ್ಪ ಆಚೆ ಕೂತ್ಕೋ,” ಎನ್ನುತ್ತಾನೆ ಅವಳಿಗೆ. “ಇನ್ನೂ ಸ್ವಲ್ಪ.”